ವಿಡಿಯೋ ಕಾಲ್‌ಗೆಂದು ಅಗ್ಗದ ಪ್ರೊಜೆಕ್ಟರ್ ತಗೊಳ್ಳುವ ಮುಂಚೆ ಇದನ್ನು ಓದಿ

ಊರಲ್ಲಿರುವ ಅಪ್ಪ ಅಮ್ಮನನ್ನು ಗೋಡೆ ತುಂಬ ನೋಡುವ ಆಸೆಯಿಂದ ಪ್ರೊಜೆಕ್ಟರ್ ತಗೊಳ್ಳಲು ಹೊರಟಿದ್ದೀರಾ? ದಯವಿಟ್ಟು ಸ್ವಲ್ಪ ತಡೆಯಿರಿ. ನಾನು 2024ರಲ್ಲಿ ತಗೊಂಡೆ. ಅಪ್ಪನ ಎಪ್ಪತ್ತರ ಶಾಂತಿಯ ದಿನವೇ ಅದು ಕೈಕೊಟ್ಟಿತು. ಅದಾಗಿ ನಾಲ್ಕು ತಿಂಗಳಿಗೆ ಮನೆಗೆ ಒಂದು ಪತ್ರ ಬಂತು. ಆ ಪತ್ರದ ವಿಷಯ ಆಮೇಲೆ ಹೇಳುತ್ತೇನೆ.

ನಾವಿರುವುದು ಮ್ಯೂನಿಕ್‌ನಲ್ಲಿ. ಅಪ್ಪ ಅಮ್ಮ ಸಾಗರದಲ್ಲಿ. ಪ್ರತಿ ಭಾನುವಾರ ಕಾಲ್ ಮಾಡುವಾಗ ಮಕ್ಕಳಿಬ್ಬರೂ ಒಂದೇ ಫೋನಿಗೆ ಕಿತ್ತಾಡುತ್ತಿದ್ದರು. ಅಪ್ಪನ ಶಾಂತಿಗೆ ಹೋಗಲು ಆಗುವುದಿಲ್ಲ ಎಂದು ಜೂನ್‌ನಲ್ಲೇ ಗೊತ್ತಾಯಿತು. ನಮ್ಮ ವೀಸಾ ನವೀಕರಣದ ದಿನಾಂಕ ಅದೇ ವಾರ ಬಿದ್ದಿತ್ತು. ಹೋಗಲಾಗದಿದ್ದರೆ ಏನಂತೆ, ಹೋಮ, ಆಶೀರ್ವಾದ ಎಲ್ಲವನ್ನೂ ಹಾಲ್‌ನಲ್ಲೇ ದೊಡ್ಡದಾಗಿ ನೋಡೋಣ ಅಂದುಕೊಂಡೆವು. ಆನ್‌ಲೈನ್‌ನಲ್ಲಿ 90 ಯೂರೋಗೆ, ಅಂದರೆ ಸುಮಾರು 8,000 ರೂಪಾಯಿಗೆ, ಒಂದು ಸಿಕ್ಕಿತು. ಡಬ್ಬದ ಮೇಲೆ '9,500 ಲ್ಯೂಮೆನ್' (ಲ್ಯೂಮೆನ್ ಅಂದರೆ ಬೆಳಕಿನ ಅಳತೆ) ಎಂದು ದೊಡ್ಡದಾಗಿ ಬರೆದಿತ್ತು. ಆಂಡ್ರಾಯ್ಡ್ ಒಳಗೇ ಇದೆ, ವೈಫೈ ಇದೆ, '1080ಪಿ ಸಪೋರ್ಟ್' ಇದೆ. ಇನ್ನೇನು ಬೇಕು ಅನ್ನಿಸಿತು.

ಮಕ್ಕಳು ರಾತ್ರಿ ಹೊತ್ತು ಕಾರ್ಟೂನ್ ನೋಡಿ ಖುಷಿಪಟ್ಟರು. ಕತ್ತಲಲ್ಲಿ ಚಿತ್ರ ಚೆನ್ನಾಗಿಯೇ ಕಾಣುತ್ತಿತ್ತು. ಹಾಗಾಗಿ 14 ದಿನದೊಳಗೆ ವಾಪಸ್ ಕೊಡಬಹುದಾದ ಅವಕಾಶ ಸುಮ್ನೆ ಕಳೆದುಹೋಯಿತು. ನೀವು ತಗೊಂಡರೆ ಮೊದಲ ವಾರವೇ ಹಗಲು ಹೊತ್ತಿನಲ್ಲಿ ನಿಜವಾದ ಕಾಲ್ ಮಾಡಿ ನೋಡಿ. ಸಿನಿಮಾ ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಶಾಂತಿ ಆಗಸ್ಟ್‌ನಲ್ಲಿ. ಊರಲ್ಲಿ ಬೆಳಗ್ಗೆ ಹತ್ತೂವರೆ, ನಮಗೆ ಏಳು. ಬೇಸಿಗೆಯಲ್ಲಿ ಇಲ್ಲಿಗೂ ಊರಿಗೂ ಮೂರೂವರೆ ಗಂಟೆ ಅಂತರ, ಚಳಿಗಾಲದಲ್ಲಿ ನಾಲ್ಕೂವರೆ. ಆಗಸ್ಟ್‌ನಲ್ಲಿ ಏಳು ಗಂಟೆಗೆ ಇಲ್ಲಿ ಚೆನ್ನಾಗಿ ಬೆಳಕು ಹರಿದಿರುತ್ತದೆ. ಗೋಡೆ ಮೇಲೆ ಹೋಮಕುಂಡ ಇರಲಿ, ಅಪ್ಪನ ಪಂಚೆಯ ಅಂಚೂ ಕಾಣಲಿಲ್ಲ. ಕಿಟಕಿಗಳ ಶಟರ್ ಪೂರ್ತಿ ಇಳಿಸಿದೆವು. ಆಗ ಅಪ್ಪ ಕಂಡರು. ಅಷ್ಟರಲ್ಲಿ ಆ ಕಡೆಯಿಂದ ಅಮ್ಮ, "ಪುಟ್ಟಿ ಎಲ್ಲಿದಾಳೆ? ಎಲ್ಲಾ ಕಪ್ಪು ಕಪ್ಪಾಗಿ ಕಾಣ್ತಿದೆಯಲ್ಲೇ" ಎಂದರು.

ನಾನು ಯೋಚಿಸದೇ ಇದ್ದದ್ದು ಇದನ್ನೇ. ಪ್ರೊಜೆಕ್ಟರ್‌ಗೆ ಕತ್ತಲು ಬೇಕು. ಕ್ಯಾಮೆರಾಗೆ ಬೆಳಕು ಬೇಕು. ಕಿಟಕಿ ತೆರೆದರೆ ಅಪ್ಪ ಮಾಯ, ಮುಚ್ಚಿದರೆ ನಾವು ಮಾಯ. ನಾವು ಅವರನ್ನು ದೊಡ್ಡದಾಗಿ ನೋಡುವುದರ ಬಗ್ಗೆಯಷ್ಟೇ ಯೋಚಿಸಿದ್ದೆವು. ಅವರಿಗೂ ಮೊಮ್ಮಕ್ಕಳ ಮುಖ ಕಾಣಬೇಕಲ್ವಾ?

ಪ್ರೊಜೆಕ್ಟರ್‌ಗೆ ಕ್ಯಾಮೆರಾ ಇರಲಿಲ್ಲ. ಅದರ ಆಂಡ್ರಾಯ್ಡ್‌ನಲ್ಲಿ ವಾಟ್ಸ್‌ಆ್ಯಪ್ ಕೂಡ ನಡೆಯಲಿಲ್ಲ. ಹಾಗಾಗಿ ಫೋನಿನಲ್ಲಿ ಕಾಲ್ ಮಾಡಿ, ಅದರ ಪರದೆಯನ್ನು ಗೋಡೆಗೆ ಕಳಿಸುತ್ತಿದ್ದೆವು. ಫೋನನ್ನು ಪಕ್ಕದ ಸ್ಟೂಲ್ ಮೇಲೆ ನಿಲ್ಲಿಸಿದ್ದೆವು. ಆಶೀರ್ವಾದದ ಹೊತ್ತು ಬಂತು. ಮಕ್ಕಳು ಗೋಡೆ ಮೇಲಿದ್ದ ಅಜ್ಜನಿಗೆ ಉದ್ದಂಡ ನಮಸ್ಕಾರ ಮಾಡಿದರು. ಅಪ್ಪನಿಗೆ ಕಂಡದ್ದು ಮಕ್ಕಳ ಕಾಲು, ಅದೂ ಮಬ್ಬಾಗಿ. ಅಕ್ಷತೆ ಹಿಡಿದಿದ್ದ ಅವರ ಕೈ ಹಾಗೇ ನಿಂತಿತ್ತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಚುರ್ ಅನ್ನುತ್ತದೆ.

ಶಬ್ದದ ಕಥೆ ಬೇರೆ. ಚಿತ್ರ ಗೋಡೆಗೆ ಹೋಯಿತು, ಕಾಲ್‌ನ ದನಿ ಫೋನಿನಲ್ಲೇ ಉಳಿಯಿತು. ಬ್ಲೂಟೂತ್ ಸ್ಪೀಕರ್ ಜೋಡಿಸಿದರೆ ಪುರೋಹಿತರ ಮಂತ್ರ ಅವರಿಗೇ ತಿರುಗಿ ಕೇಳತೊಡಗಿತು. ಜೊತೆಗೆ ಪ್ರೊಜೆಕ್ಟರ್ ಫ್ಯಾನಿನ ಗುಂಯ್ ಶಬ್ದ. ನಡುವೆ ನಮ್ಮವರ ಬ್ಯಾಂಕಿನ ಮೆಸೇಜ್ ಒಂದು ಗೋಡೆ ಅಗಲಕ್ಕೆ ಬಂದು ಹೋಯಿತು. ಕೊನೆಗೆ ಶಟರ್ ಎತ್ತಿ, ಎಲ್ಲ ಬಿಚ್ಚಿ, ಫೋನ್ ಕೈಯಲ್ಲಿ ಹಿಡಿದು ಮಾತಾಡಿದೆವು. ಅಷ್ಟರಲ್ಲಿ ಅಪ್ಪ ಊಟದ ಪಂಕ್ತಿಗೆ ಎದ್ದಾಗಿತ್ತು.

ಲ್ಯೂಮೆನ್ ಲೆಕ್ಕದ ಬಗ್ಗೆ ಒಂದು ಮಾತು. ಎಷ್ಟು ಬೆಳಕು ಗೋಡೆಗೆ ಬೀಳುತ್ತದೆ ಎಂದು ತಿಳಿಯಲು ನಿಗದಿತ ವಿಧಾನದಲ್ಲಿ ಅಳೆದ 'ಆನ್ಸಿ ಲ್ಯೂಮೆನ್' ಅಥವಾ 'ಐಎಸ್ಒ ಲ್ಯೂಮೆನ್' ನೋಡಬೇಕು. ಎರಡೂ ಬರೆದಿಲ್ಲದಿದ್ದರೆ ಉಳಿದ ದೊಡ್ಡ ಸಂಖ್ಯೆಗೆ ಬೆಲೆ ಕೊಡಬೇಡಿ. ಹಾಗೆಯೇ '1080ಪಿ ಸಪೋರ್ಟ್' ಎಂದರೆ 1920×1080 ಚುಕ್ಕಿಗಳ ವಿಡಿಯೋ ಹಾಕಿದರೆ ಓಡುತ್ತದೆ ಎಂದಷ್ಟೇ ಅರ್ಥ. ನಮ್ಮದರ ನಿಜವಾದ ರೆಸಲ್ಯೂಷನ್ 1280×720. ಅದು ಮ್ಯಾನ್ಯುಯಲ್‌ನ ಒಳಗೆ ಸಣ್ಣಕ್ಷರದಲ್ಲಿತ್ತು. ಊರಿನ ಸಿಗ್ನಲ್‌ನಲ್ಲಿ ಬರುವ ವಾಟ್ಸ್‌ಆ್ಯಪ್ ಚಿತ್ರವನ್ನು ನೂರು ಇಂಚಿಗೆ ಹಿಗ್ಗಿಸಿದರೆ ಅಮ್ಮನ ಮುಖ ಚೌಕ ಚೌಕವಾಗಿ ಒಡೆಯುತ್ತದೆ.

ಮಾರಿದವರಿಗೆ ಬರೆದೆ. ನಿಮ್ಮ ಖರ್ಚಿನಲ್ಲೇ ಯುರೋಪಿನ ಹೊರಗಿರುವ ನಮ್ಮ ವಿಳಾಸಕ್ಕೆ ಕಳಿಸಿ ಎಂದರು. ಕಳಿಸುವ ಖರ್ಚೇ ಜಾಸ್ತಿ. ಬಿಟ್ಟುಬಿಟ್ಟೆ.

ಇನ್ನು ಆ ಪತ್ರ. ಡಿಸೆಂಬರ್‌ನಲ್ಲಿ ನಮ್ಮ ಇಂಟರ್ನೆಟ್ ಕಂಪನಿಯಿಂದ ಬಂತು. ನಿಮ್ಮ ಮನೆಯ ಯಾವುದೋ ಸಾಧನದಲ್ಲಿ 'ಬ್ಯಾಡ್‌ಬಾಕ್ಸ್' ಎಂಬ ಮಾಲ್‌ವೇರ್, ಅಂದರೆ ಕಳ್ಳ ಸಾಫ್ಟ್‌ವೇರ್, ಇದೆ ಎಂದಿತ್ತು. ಅದೇ ತಿಂಗಳು ಜರ್ಮನಿಯ ಸೈಬರ್ ಭದ್ರತಾ ಕಚೇರಿ ಬಿಎಸ್‌ಐ, ದೇಶದಲ್ಲಿ 30,000ದವರೆಗಿನ ಸಾಧನಗಳಲ್ಲಿದ್ದ ಈ ಮಾಲ್‌ವೇರ್‌ಗೂ ಅದನ್ನು ನಡೆಸುವವರ ಸರ್ವರ್‌ಗೂ ಇದ್ದ ಸಂಪರ್ಕವನ್ನು ಕಡಿದಿತ್ತು. ಡಿಜಿಟಲ್ ಫೋಟೋ ಫ್ರೇಮ್, ಮೀಡಿಯಾ ಪ್ಲೇಯರ್‌ನಂಥ ಸಾಧನಗಳವು. ಅಂಗಡಿಯಿಂದ ಬರುವಾಗಲೇ ಮಾಲ್‌ವೇರ್ ಒಳಗೆ ಕೂತಿರುತ್ತದೆ. ನಿಮ್ಮ ಮನೆಯ ಇಂಟರ್ನೆಟ್ ಮೂಲಕ ಬೇರೆಯವರು ಸೈಬರ್ ದಾಳಿ ಮಾಡಬಹುದು, ಕಾನೂನುಬಾಹಿರ ವಿಷಯ ಹರಿಬಿಡಬಹುದು. ಹುಡುಕಿಕೊಂಡು ಬಂದವರಿಗೆ ಸಿಗುವುದು ನಮ್ಮ ಮನೆಯ ಐಪಿ ವಿಳಾಸ. ವೀಸಾ ಮೇಲೆ ಬದುಕುವವರಿಗೆ ಇದೆಷ್ಟು ಭಯದ ವಿಷಯ ಎಂದು ಬಿಡಿಸಿ ಹೇಳಬೇಕಿಲ್ಲ.

ಎರಡು ರಾತ್ರಿ ರೂಟರ್ ನೋಡುತ್ತಾ ಕೂತೆವು. ಎಲ್ಲರೂ ಮಲಗಿದ ಮೇಲೂ, ರಿಮೋಟ್‌ನಲ್ಲಿ ಆಫ್ ಮಾಡಿದ್ದರೂ, ಪ್ರೊಜೆಕ್ಟರ್ ಎಲ್ಲಿಗೋ ಡೇಟಾ ಕಳಿಸುತ್ತಲೇ ಇತ್ತು. ಅದನ್ನು ತೆಗೆದ ಮೇಲೆ ಮತ್ತೆ ಪತ್ರ ಬರಲಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಇದು ಹೋಗುವುದಿಲ್ಲ, ಏಕೆಂದರೆ ಅದು ಫರ್ಮ್‌ವೇರ್‌ನಲ್ಲೇ, ಅಂದರೆ ಸಾಧನದ ಮೂಲ ಸಾಫ್ಟ್‌ವೇರ್‌ನಲ್ಲೇ, ಇರುತ್ತದೆ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಕೂಡ ಇದರ ಮುಂದಿನ ರೂಪವಾದ 'ಬ್ಯಾಡ್‌ಬಾಕ್ಸ್ 2.0' ಬಗ್ಗೆ ಎಚ್ಚರಿಸಿತು. ಅದರಲ್ಲಿ ಡಿಜಿಟಲ್ ಪ್ರೊಜೆಕ್ಟರ್‌ಗಳ ಹೆಸರೂ ಇದೆ.

ನಮ್ಮದನ್ನು ಮರುಬಳಕೆ ಕೇಂದ್ರಕ್ಕೆ ಹಾಕಿ ಬಂದೆವು. ಈಗ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೇಬಲ್‌ನಲ್ಲಿ ಸಾಧಾರಣ ಟಿವಿಗೆ ಜೋಡಿಸುತ್ತೇವೆ. ಟಿವಿಯ ತಲೆ ಮೇಲೆ ವೆಬ್‌ಕ್ಯಾಮ್, ನಮ್ಮ ಎದುರಿಗೆ ಒಂದು ಲ್ಯಾಂಪ್. ಅಮ್ಮನನ್ನು ನೋಡಿದರೆ ಅಮ್ಮನಿಗೂ ನಾವು ಅವರನ್ನೇ ನೋಡಿದಂತೆ ಕಾಣುತ್ತದೆ. ಕಾಲ್ ಬರುವುದು ಲ್ಯಾಪ್‌ಟಾಪ್‌ನಲ್ಲಿ, ಹಾಗಾಗಿ ಫೋನಿನ ಮೆಸೇಜ್‌ಗಳು ನಮ್ಮ ಹತ್ತಿರವೇ ಇರುತ್ತವೆ.

ಆಂಡ್ರಾಯ್ಡ್ ಇರುವ ಪ್ರೊಜೆಕ್ಟರ್ ಈಗಾಗಲೇ ಮನೆಯಲ್ಲಿದ್ದರೆ, ಪ್ಲೇ ಸ್ಟೋರ್‌ನ ಸೆಟ್ಟಿಂಗ್ಸ್‌ನಲ್ಲಿ 'ಪ್ಲೇ ಪ್ರೊಟೆಕ್ಟ್ ಸರ್ಟಿಫಿಕೇಶನ್', ಅಂದರೆ ಗೂಗಲ್ ಆ ಸಾಧನವನ್ನು ಒಪ್ಪಿದೆ ಎಂಬ ಗುರುತು, ಇದೆಯೇ ನೋಡಿ. ಇಲ್ಲದಿದ್ದರೆ, ಅಥವಾ ಪ್ಲೇ ಸ್ಟೋರೇ ಇಲ್ಲದಿದ್ದರೆ, ವೈಫೈಯಿಂದ ತೆಗೆಯಿರಿ. ನಿಮ್ಮಲ್ಲಿ ಕೆಲವರು ಇಂಥದ್ದನ್ನೇ ಸೂಟ್‌ಕೇಸ್‌ನಲ್ಲಿ ಊರಿಗೂ ಒಯ್ದು ಅಪ್ಪ ಅಮ್ಮನಿಗೆ ಕೊಟ್ಟಿರುತ್ತೀರಿ. ಈ ಭಾನುವಾರದ ಕಾಲ್‌ನಲ್ಲಿ ಮೊದಲು ಅದರ ಪ್ಲಗ್ ಕೀಳಲು ಹೇಳಿ.