ಹತ್ತು ವರ್ಷದ ಗಾಲ್ಫ್, ಎಂಬತ್ತೇಳು ವರ್ಷದ ಕಾರ್ಖಾನೆ

ನಾನು ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರು ಕೊಂಡಿದ್ದು 2015ರ ಆಗಸ್ಟ್ ಕೊನೆಯಲ್ಲಿ. ಮೂರು ವಾರವಾಗಿತ್ತು ಅಷ್ಟೇ. ಸೆಪ್ಟೆಂಬರ್ 18ಕ್ಕೆ ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಹೊಗೆ ಪರೀಕ್ಷೆಯ ಮೋಸವನ್ನು ಬಯಲಿಗೆ ಹಾಕಿತು. ದಾವಣಗೆರೆಯಿಂದ ಅಪ್ಪನ ಫೋನ್: "ಅಲ್ಲಪ್ಪಾ, ನೀನು ತಗೊಂಡಿದ್ದು ಅದೇ ಕಂಪನಿದಾ?" ಹೌದು, ಆದರೆ ನನ್ನದು ಪೆಟ್ರೋಲು ಅಂದೆ. "ಏನೋಪ್ಪ" ಅಂತ ಫೋನಿಟ್ಟರು.

ಆ "ಏನೋಪ್ಪ" ಹತ್ತು ವರ್ಷದಿಂದ ನನ್ನ ಪಕ್ಕದ ಸೀಟಿನಲ್ಲೇ ಕೂತಿದೆ. ಹಾಗಾಗಿ ಈ ವಿಮರ್ಶೆಯಲ್ಲಿ ಕಾರಿನ ಜೊತೆಗೆ ಕಂಪನಿಯ ವಿಷಯವೂ ಬರುತ್ತದೆ. ಮೈಲೇಜ್ ಎಷ್ಟು ಅಂತ ಮಾತ್ರ ಬೇಕಾದವರಿಗೆ ಮೊದಲೇ ಹೇಳಿಬಿಡುತ್ತೇನೆ: ನೂರು ಕಿ.ಮೀ.ಗೆ ಸರಾಸರಿ 6.2 ಲೀಟರ್. ನಮ್ಮ ಕಡೆಯ ಲೆಕ್ಕದಲ್ಲಿ ಲೀಟರಿಗೆ 16 ಕಿ.ಮೀ.

ನಾನಿರುವುದು ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ. ಫೋಕ್ಸ್‌ವ್ಯಾಗನ್‌ನ ತವರು ವೋಲ್ಫ್ಸ್‌ಬುರ್ಗ್ ಇಲ್ಲಿಂದ ಅರ್ಧ ಗಂಟೆ ದಾರಿ. ಈ ಭಾಗದಲ್ಲಿ ಕಾರು ಕೊಳ್ಳುವವರಿಗೆ ಒಂದು ಜಾಣ ದಾರಿ ಇದೆ, ಅದರ ಹೆಸರು ಯಾರ್ಸ್‌ವಾಗನ್. ಅಂದರೆ 'ವರ್ಷದ ಗಾಡಿ'. ಕಾರ್ಖಾನೆಯ ಕೆಲಸಗಾರರಿಗೆ ಹೊಸ ಕಾರು ರಿಯಾಯಿತಿಯಲ್ಲಿ ಸಿಗುತ್ತದೆ. ಒಂದು ವರ್ಷ, ಒಂದೂವರೆ ವರ್ಷ ನಾಜೂಕಾಗಿ ಓಡಿಸಿ ಮಾರುತ್ತಾರೆ. ಮತ್ತೆ ಹೊಸದು ತಗೊಳ್ಳುತ್ತಾರೆ. ನನಗೆ ಸಿಕ್ಕಿದ್ದು 2014ರ ಮಾರ್ಚ್‌ನಲ್ಲಿ ನೋಂದಣಿಯಾದ ಏಳನೇ ತಲೆಮಾರಿನ ಗಾಲ್ಫ್. 1.4 ಲೀಟರ್ ಟಿಎಸ್‌ಐ (ಟರ್ಬೋ ಪೆಟ್ರೋಲ್) ಎಂಜಿನ್, 122 ಎಚ್‌ಪಿ, 6 ಗೇರಿನ ಮ್ಯಾನುವಲ್. ಆಗ ಓಡಿದ್ದು 14,000 ಕಿ.ಮೀ., ಕೊಟ್ಟಿದ್ದು 14,500 ಯೂರೋ. ಈಗ ಮೀಟರ್ 1,58,000 ತೋರಿಸುತ್ತಿದೆ.

ಮಾರಿದವರು ಇಟಲಿ ಮೂಲದವರು. ಅವರ ತಂದೆ 1962ರಲ್ಲಿ, ಕಾರ್ಖಾನೆ ಇಟಲಿಯಿಂದ ಆಳುಗಳನ್ನು ಕರೆಸಿಕೊಳ್ಳಲು ಶುರು ಮಾಡಿದ ವರ್ಷವೇ, ರೈಲು ಹತ್ತಿ ಬಂದವರಂತೆ. ಮಗನೂ ಅದೇ ಗೇಟಿನೊಳಗೆ ಮೂವತ್ತು ವರ್ಷ ದುಡಿದರು. ಕೀ ಕೊಡುವಾಗ ಸ್ಟಿಯರಿಂಗ್ ಮೇಲೆ ಕೈಯಿಟ್ಟು, "ಇದನ್ನು ಜೋಡಿಸಿದವರು ನನಗೆ ಗೊತ್ತು" ಅಂದರು. ಶೋರೂಮಿನಲ್ಲಿ ಈ ಗ್ಯಾರಂಟಿ ಸಿಗಲ್ಲ ಅಲ್ವಾ? ಅವರನ್ನು ಯಜಮಾನರು ಅಂತಲೇ ಕರೆಯುತ್ತೇನೆ. ಮುಂದೆಯೂ ಬರುತ್ತಾರೆ.

ಕಾರು ಹೇಗಿದೆ? ಬೋರು. ಬೈಗುಳ ಅಂದುಕೊಳ್ಳಬೇಡಿ. ನೋಡಿದರೆ ಯಾರೂ ತಿರುಗಿ ನೋಡುವುದಿಲ್ಲ, ಒಳಗೆ ಎಲ್ಲವೂ ಕಪ್ಪು ಮತ್ತು ಬೂದು. ಆದರೆ ಬೆಳಿಗ್ಗೆ ಮೈನಸ್ 12 ಡಿಗ್ರಿಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆಟೋಬಾನ್ ಹೆದ್ದಾರಿಯಲ್ಲಿ 160ರಲ್ಲಿ ಹೋಗುವಾಗಲೂ ಪಕ್ಕದವರ ಜೊತೆ ದನಿ ಏರಿಸದೆ ಮಾತಾಡಬಹುದು. ಎಸಿ, ರೇಡಿಯೋ ಗುಂಡಿಗಳು ಕಣ್ಣು ಮುಚ್ಚಿದರೂ ಕೈಗೆ ಸಿಗುತ್ತವೆ. ಈಗಿನ ಕಾರುಗಳಲ್ಲಿ ಎಲ್ಲವನ್ನೂ ಗಾಜಿನ ಪರದೆಯೊಳಗೆ ತುರುಕಿದ್ದಾರೆ, ಅದಕ್ಕೆ ಇವುಗಳ ಬೆಲೆ ಈಗ ಗೊತ್ತಾಗುತ್ತಿದೆ. ಡಿಕ್ಕಿ 380 ಲೀಟರ್. ಊರಿಂದ ಬಂದವರ ಎರಡು ದೊಡ್ಡ ಸೂಟ್‌ಕೇಸು, ಅದರ ಮೇಲೊಂದು ಮಂಡಕ್ಕಿ ಚೀಲ ಹಿಡಿಯುತ್ತದೆ. ನಾನೇ ತುಂಬಿ ನೋಡಿದ್ದೇನೆ. ಅಪ್ಪ 2018ರಲ್ಲಿ ಬಂದಾಗ ಬಾಗಿಲು ಮುಚ್ಚಿ, ತೆಗೆದು, ಮತ್ತೆ ಮುಚ್ಚಿದರು. "ಗೋದ್ರೆಜ್ ಬೀರು ಇದ್ದಂಗೈತಿ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ.

ಈ ತಲೆಮಾರಿನ ಗಾಲ್ಫ್ 2012ರಲ್ಲಿ ಬಂದಿದ್ದು ಎಂಕ್ಯೂಬಿ ಎಂಬ ಹೊಸ ತಳಪಾಯದ ಮೇಲೆ. ಆಡಿ ಎ3, ಸ್ಕೋಡಾ ಒಕ್ಟೇವಿಯಾ, ಸಿಯಾಟ್ ಲಿಯೋನ್ ಎಲ್ಲದರ ಅಡಿಯಲ್ಲೂ ಅದೇ ಇದೆ. ಒಂದೇ ಹಿಟ್ಟಿನಲ್ಲಿ ಇಡ್ಲಿ, ದೋಸೆ, ಪಡ್ಡು ಮಾಡಿದ ಹಾಗೆ. ಬಿಡಿಭಾಗಗಳು ಅಗ್ಗ, ಎಲ್ಲೆಲ್ಲೂ ಸಿಗುತ್ತವೆ. ಬೀದಿಬದಿಯ ಮೆಕ್ಯಾನಿಕ್‌ಗೂ ಇದರ ಹೊಟ್ಟೆಯೊಳಗೆ ಏನಿದೆ ಅಂತ ಗೊತ್ತು.

ಖರ್ಚಿನ ವಿಷಯ. ವರ್ಷಕ್ಕೊಮ್ಮೆ ಆಯಿಲ್. 2020ರ ಲಾಕ್‌ಡೌನ್‌ನಲ್ಲಿ ಗಾಡಿ ಸುಮ್ನೆ ನಿಂತು ಬ್ಯಾಟರಿ ಸತ್ತಿತು, ಅದು ನನ್ನ ಸೋಮಾರಿತನ. ಇಲ್ಲಿ ಟಯರ್ ಎರಡು ಜೊತೆ ಬೇಕು. 'ಓ ಇಂದ ಓ ತನಕ' ಅನ್ನುತ್ತಾರೆ, ಅಂದರೆ ಓಕ್ಟೋಬರ್‌ನಿಂದ (ನಮ್ಮ ಅಕ್ಟೋಬರ್) ಓಸ್ಟರ್ನ್ ಅಂದರೆ ಈಸ್ಟರ್ ತನಕ ಚಳಿಗಾಲದ ಟಯರ್. ಕ್ಲಚ್ ಇನ್ನೂ ಮೊದಲಿನದೇ. ಎರಡು ವರ್ಷಕ್ಕೊಮ್ಮೆ ಟ್ಯೂಫ್ ತಪಾಸಣೆ ಮಾಡಿಸಬೇಕು. ಪಾಸಾಗದಿದ್ದರೆ ಗಾಡಿ ರಸ್ತೆಗೆ ಇಳಿಸುವಂತಿಲ್ಲ. ಐದು ಸಲ ಹೋಗಿ ಐದು ಸಲವೂ ಪಾಸು.

ದೊಡ್ಡ ಅನಾಹುತ ಆಗಿದ್ದು ಒಂದೇ ಸಲ, ಅದನ್ನು ಮಾಡಿದ್ದು ಒಂದು ಪ್ರಾಣಿ. ಮಾರ್ಡರ್ ಅಂತಾರೆ, ನಮ್ಮ ಮುಂಗುಸಿಯ ದೊಡ್ಡಣ್ಣನ ಹಾಗಿರುತ್ತದೆ. ರಾತ್ರಿ ಬೆಚ್ಚಗಿನ ಎಂಜಿನ್ ಕೆಳಗೆ ನುಗ್ಗಿ ರಬ್ಬರ್, ವೈರು ಕಡಿಯುತ್ತದೆ. ಬೆಂಗಳೂರಿನಲ್ಲಿ ಇಲಿ, ಇಲ್ಲಿ ಇದು. ಒಂದು ಬೆಳಿಗ್ಗೆ ಗಾಡಿ ಎಳೆಯಲೇ ಇಲ್ಲ. ಊರಾಚೆಯ ಒಂದು ಗ್ಯಾರೇಜಿನವರು, ಹೆಸರು ಬೇಡ ಬಿಡಿ, ಟರ್ಬೋ ಹೋಗಿದೆ, 1,400 ಯೂರೋ ಆಗುತ್ತೆ ಅಂದರು. ನಾನು ಯಜಮಾನರಿಗೆ ಫೋನ್ ಮಾಡಿದೆ. ಬಂದು ಬಾನೆಟ್ ಎತ್ತಿ ಟಾರ್ಚ್ ಬಿಟ್ಟರು, ಪಕಪಕ ನಕ್ಕರು. ಒಂದು ಹೋಸಿನ ಮೇಲೆ ಸಾಲಾಗಿ ಹಲ್ಲಿನ ಗುರುತು. ಹೋಸಿಗೆ 38 ಯೂರೋ, ಅವರಿಗೆ ಒಂದು ತಟ್ಟೆ ಬಿಸಿಬೇಳೆಬಾತ್. ಇಲ್ಲಿ ಕಾರು ಇನ್ಶೂರೆನ್ಸ್ ಮಾಡಿಸುವವರು ಮಾರ್ಡರ್ ಕಡಿತ ಸೇರಿದೆಯಾ ಅಂತ ತಪ್ಪದೆ ನೋಡಿ.

ಕಾರಿನ ಕಥೆ ಇಷ್ಟೇ. ಕಂಪನಿಯದು ಇಷ್ಟು ಸಲೀಸಲ್ಲ.

ಅಪ್ಪನನ್ನು ಒಂದು ದಿನ ವೋಲ್ಫ್ಸ್‌ಬುರ್ಗ್‌ಗೆ ಕರೆದುಕೊಂಡು ಹೋಗಿದ್ದೆ. ಕಾಲುವೆಯ ಆಚೆ ನಾಲ್ಕು ಚಿಮಣಿಯ ವಿದ್ಯುತ್ ಸ್ಥಾವರ, ಪಕ್ಕದಲ್ಲಿ ಕಂಪನಿಯ ಪ್ರದರ್ಶನ ಪಾರ್ಕ್ ಆಟೋಸ್ಟಾಟ್‌ನ ಎರಡು ಗಾಜಿನ ಗೋಪುರಗಳು. ಒಂದೊಂದರಲ್ಲೂ 20 ಅಂತಸ್ತು, 400 ಹೊಸ ಕಾರು. ಕ್ಯಾಂಟೀನಿನ ಸಾಸೇಜಿಗೂ ಬಿಡಿಭಾಗದ ನಂಬರ್ ಇದೆ: 199 398 500 ಎ. 1973ರಿಂದ ಕಾರ್ಖಾನೆಯೇ ಮಾಡುತ್ತಿದೆ, ಕೆಲವು ವರ್ಷ ಕಾರಿಗಿಂತ ಜಾಸ್ತಿ ಸಾಸೇಜ್ ಮಾರಾಟವಾಗಿದ್ದೂ ಇದೆ. ನಾವು ಸಸ್ಯಾಹಾರಿಗಳು, ರುಚಿ ಕೇಳಬೇಡಿ.

"ಈ ಊರು ಯಾವ ಕಾಲದ್ದು?" ಅಂತ ಅಪ್ಪ ಕೇಳಿದರು. ಊರಿಗೆ ಈ ಹೆಸರು ಬಂದಿದ್ದೇ 1945ರ ಮೇ 25ಕ್ಕೆ. ಅದಕ್ಕೂ ಮುಂಚೆ ಇದು 'ಕೆಡಿಎಫ್ ಕಾರಿನ ಪಟ್ಟಣ'. ಕೆಡಿಎಫ್ ಅಂದರೆ ನಾಜಿಗಳ ಕಾಲಕ್ಷೇಪ ಸಂಘಟನೆ. 1938ರ ಮೇ 26ರಂದು ಇಲ್ಲಿ ಅಡಿಗಲ್ಲು ಇಟ್ಟವನು ಹಿಟ್ಲರ್. ಕಾರಿನ (ಮುಂದೆ ಬೀಟಲ್ ಅಂತ ಹೆಸರಾದದ್ದೇ ಇದು) ವಿನ್ಯಾಸ ಫರ್ಡಿನಾಂಡ್ ಪೋರ್ಶೆ ಅವರದು. ಬೆಲೆ 990 ರೈಷ್‌ಮಾರ್ಕ್, ವಾರಕ್ಕೆ 5 ಮಾರ್ಕಿನ ಸ್ಟಾಂಪು ಕೊಂಡು ಪುಸ್ತಕಕ್ಕೆ ಅಂಟಿಸಬೇಕು, ಪುಸ್ತಕ ತುಂಬಿದರೆ ಕಾರು. ನಮ್ಮಲ್ಲಿ ಪಾತ್ರೆ ಚೀಟಿ ಕಟ್ಟುತ್ತಿದ್ದರಲ್ಲ, ಅದೇ ಥರ. ಸುಮಾರು 3,36,000 ಜನ ಕಟ್ಟಿದರು. ಒಬ್ಬರಿಗೂ ಕಾರು ಬರಲಿಲ್ಲ. ಯುದ್ಧ ಶುರುವಾಗಿ ಕಾರ್ಖಾನೆ ಸೈನ್ಯದ ಗಾಡಿ ಮಾಡತೊಡಗಿತು. ದುಡ್ಡು ಕಟ್ಟಿದವರು ಮುಂದೆ ವರ್ಷಗಟ್ಟಲೆ ಕೋರ್ಟಿಗೆ ಅಲೆದರು. 1961ರಲ್ಲಿ ರಾಜಿಯಾಯಿತು: ಹೊಸ ಕಾರಿನ ಮೇಲೆ 600 ಮಾರ್ಕ್ ತನಕ ರಿಯಾಯಿತಿ, ಇಲ್ಲವೇ 100 ಮಾರ್ಕ್ ನಗದು.

ಇದನ್ನು ಹೇಳುವಾಗ ಅಪ್ಪ ನಗುತ್ತಿದ್ದರು. ಮುಂದಿನದು ನಗುವ ಮಾತಲ್ಲ. ಯುದ್ಧದ ಕಾಲದಲ್ಲಿ ಇಲ್ಲಿ ಸುಮಾರು 20,000 ಜನರನ್ನು ಬಲವಂತವಾಗಿ ದುಡಿಸಿದರು. ಪೋಲೆಂಡ್, ಸೋವಿಯತ್ ದೇಶದವರು, ಯುದ್ಧಕೈದಿಗಳು, ಯಾತನಾ ಶಿಬಿರದವರು. ಆ ಹೆಂಗಸರಿಗೆ ಹುಟ್ಟಿದ ಕೂಸುಗಳನ್ನು ತಾಯಂದಿರಿಂದ ಕಿತ್ತು ಕಾರ್ಖಾನೆ ನಡೆಸುತ್ತಿದ್ದ ಶಿಶುಗೃಹಕ್ಕೆ ಹಾಕುತ್ತಿದ್ದರು. ಕೊನೆಗೆ ಅದು ಪಕ್ಕದ ರ್ಯೂಹೆನ್ ಹಳ್ಳಿಯಲ್ಲಿತ್ತು. ಅಲ್ಲಿ 300ಕ್ಕೂ ಹೆಚ್ಚು ಹಸುಗೂಸುಗಳು ಆರೈಕೆಯಿಲ್ಲದೆ ಸತ್ತವು. ಅದರ ಹೊಣೆ ಹೊತ್ತ ಕಾರ್ಖಾನೆ ವೈದ್ಯನನ್ನು, ಯುದ್ಧದ ನಂತರ ಈ ಭಾಗ ಆಳುತ್ತಿದ್ದ ಬ್ರಿಟಿಷರು 1947ರಲ್ಲಿ ಗಲ್ಲಿಗೇರಿಸಿದರು. ಕಾರ್ಖಾನೆಯೊಳಗಿನ ಹಳೇ ಬಂಕರಿನಲ್ಲಿ 1999ರಿಂದ ಇದಕ್ಕೆ ಒಂದು ಸ್ಮಾರಕ ಇದೆ. ಗಾಜಿನ ಗೋಪುರ ನೋಡಲು ಬರುವವರಲ್ಲಿ ಎಷ್ಟೋ ಮಂದಿ ಹಾಗೇ ಹೋಗಿಬಿಡುತ್ತಾರೆ. ಅಪ್ಪ ಆ ದಿನ ವಾಪಸ್ ಬರುವಾಗ ಬಾಗಿಲಿನ ಬಗ್ಗೆ ಏನೂ ಹೇಳಲಿಲ್ಲ.

ಕಂಪನಿ ಉಳಿದಿದ್ದು ಒಬ್ಬ ಬ್ರಿಟಿಷ್ ಮೇಜರ್‌ನಿಂದ. ಐವನ್ ಹರ್ಸ್ಟ್ ಅಂತ. ಬಾಂಬ್ ಬಿದ್ದ ಶೆಡ್ಡಿನಲ್ಲಿ ಉಳಿದಿದ್ದ ಬೀಟಲ್ ಒಂದಕ್ಕೆ ಸೈನ್ಯದ ಬಣ್ಣ ಬಳಿಸಿ ಮೇಲಧಿಕಾರಿಗಳಿಗೆ ತೋರಿಸಿದರು, 20,000 ಕಾರುಗಳ ಆರ್ಡರ್ ಸಿಕ್ಕಿತು. ಬ್ರಿಟನ್ನಿನ ಕಾರು ಕಂಪನಿಯವರು ಈ ಕಾರು ಜನಕ್ಕೆ ಹಿಡಿಸುವುದಿಲ್ಲ ಅಂತ ಮೂಗು ಮುರಿದಿದ್ದರು. 1948ರಲ್ಲಿ ಹೈನ್‌ರಿಷ್ ನಾರ್ಡ್‌ಹೋಫ್ ಚುಕ್ಕಾಣಿ ಹಿಡಿದರು. 1955ರಲ್ಲಿ ಹತ್ತು ಲಕ್ಷದ ಬೀಟಲ್ ಹೊರಬಂತು. 1972ರಲ್ಲಿ ಅತಿ ಹೆಚ್ಚು ತಯಾರಾದ ಕಾರು ಅನ್ನುವ ಫೋರ್ಡ್ ಮಾಡೆಲ್ ಟಿ ದಾಖಲೆಯನ್ನೂ ಮುರಿಯಿತು.

ಆದರೆ ಗೆದ್ದ ಎತ್ತಿಗೇ ಜೋತುಬಿದ್ದರೆ ಏನಾಗುತ್ತೆ? 1974ರಲ್ಲಿ ಕಂಪನಿಗೆ 80 ಕೋಟಿ ಮಾರ್ಕಿಗೂ ಹೆಚ್ಚು ನಷ್ಟ. ಗಾಳಿಯಿಂದ ತಣಿಯುವ, ಹಿಂದೆ ಕೂತ ಎಂಜಿನ್ನಿನ ಕಾಲ ಮುಗಿದಿತ್ತು. ಅಷ್ಟರಲ್ಲಿ ಫೋಕ್ಸ್‌ವ್ಯಾಗನ್ ಆಡಿಯನ್ನು ಡೈಮ್ಲರ್-ಬೆಂಜ್‌ನಿಂದ ಕೊಂಡಿತ್ತು. ನೀರಿನಿಂದ ತಣಿಯುವ, ಮುಂದಿನ ಚಕ್ರ ಎಳೆಯುವ ವಿದ್ಯೆ ಬಂದಿದ್ದು ಅಲ್ಲಿಂದ. ಅದೇ ವರ್ಷ ಇಟಲಿಯ ಜುಜಾರೋ ಗೀಚಿದ ಗಾಲ್ಫ್ ಬಂತು. ಇವತ್ತಿಗೆ 3 ಕೋಟಿ 70 ಲಕ್ಷಕ್ಕೂ ಮೇಲೆ ತಯಾರಾಗಿವೆ, ಅದರಲ್ಲಿ ನನ್ನದೂ ಒಂದು.

ಈಗ ಡೀಸೆಲ್ ವಿಷಯ. ಇದಕ್ಕೆ ನಮ್ಮ ಬೆಂಗಳೂರಿನ ನಂಟು ಇದೆ. 2013ರಲ್ಲಿ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಕೆಲವರು ಮೂರು ಡೀಸೆಲ್ ಕಾರುಗಳ ಡಿಕ್ಕಿಗೆ ಹೊಗೆ ಅಳೆಯುವ ಯಂತ್ರ ತುಂಬಿ, ಪದೇ ಪದೇ ಕೆಡುತ್ತಿದ್ದ ಪುಟ್ಟ ಜನರೇಟರ್ ಹೊತ್ತು ಕ್ಯಾಲಿಫೋರ್ನಿಯಾದ ರಸ್ತೆಗಳಲ್ಲಿ ಓಡಾಡಿದರು. ಆ ತಂಡದಲ್ಲಿದ್ದ ಹೇಮಂತ್ ಕಪ್ಪಣ್ಣ ಬೆಂಗಳೂರಿನವರು. ಯಾರನ್ನೂ ಹಿಡಿಯಲು ಹೊರಟವರಲ್ಲ ಅವರು. ಅಮೆರಿಕದ ಡೀಸೆಲ್ ಕಾರು ಎಷ್ಟು ಶುದ್ಧ ಅಂತ ಯುರೋಪಿಗೆ ತೋರಿಸುವುದೇ ಮೂಲ ಉದ್ದೇಶ. ಲೆಕ್ಕ ನೋಡಿದರೆ ಜೆಟ್ಟಾ ಕಾರು ಮಿತಿಗಿಂತ 35 ಪಟ್ಟು ತನಕ ನೈಟ್ರೋಜನ್ ಆಕ್ಸೈಡ್ ಉಗುಳುತ್ತಿತ್ತು. ಅದೇ ಕಾರು ಲ್ಯಾಬಿನಲ್ಲಿ ಪಾಸು!

ಸಾಫ್ಟ್‌ವೇರಿನ ಕೆಲಸ ಅದು. ಚಕ್ರ ತಿರುಗುತ್ತಿದೆ, ಸ್ಟಿಯರಿಂಗ್ ಮಾತ್ರ ಅಲ್ಲಾಡುತ್ತಿಲ್ಲ ಅಂದರೆ ಇದು ಪರೀಕ್ಷೆ ಅಂತ ಕಾರಿಗೆ ಗೊತ್ತಾಗುತ್ತಿತ್ತು. ನಮ್ಮ ಶಾಲೆಗೆ ಇನ್‌ಸ್ಪೆಕ್ಟರ್ ಬರುವ ದಿನ ಮಾತ್ರ ಕಪ್ಪುಹಲಗೆಗೆ ಬಣ್ಣ, ನಲ್ಲಿಗೆ ನೀರು ಬರುತ್ತಿತ್ತಲ್ಲ, ಹಾಗೆ. ಮೇಲೆ ಬಸಪ್ಪ, ಒಳಗೆ ವಿಷಪ್ಪ. ಜಗತ್ತಿನಾದ್ಯಂತ 1 ಕೋಟಿ 10 ಲಕ್ಷ ಗಾಡಿಗಳಲ್ಲಿ ಈ ಸಾಫ್ಟ್‌ವೇರ್ ಇತ್ತು. ಐದು ದಿನದಲ್ಲಿ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕೋರ್ನ್ ರಾಜೀನಾಮೆ ಕೊಟ್ಟರು. ದಂಡ, ಪರಿಹಾರ ಎಲ್ಲ ಸೇರಿ ಕಂಪನಿಗೆ 3,000 ಕೋಟಿ ಯೂರೋ ದಾಟಿದ ಖರ್ಚು. ಭಾರತದಲ್ಲೂ ಸುಮಾರು 3.2 ಲಕ್ಷ ಕಾರುಗಳನ್ನು ವಾಪಸ್ ಕರೆದರು. 2019ರಲ್ಲಿ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು. ಕಂಪನಿ ಸುಪ್ರೀಂ ಕೋರ್ಟಿಗೆ ಹೋಯಿತು, ಬಲವಂತದ ವಸೂಲಿಗೆ ಅಲ್ಲಿ ತಡೆ ಸಿಕ್ಕಿತು.

ಯಜಮಾನರು 2015ರ ಆ ಚಳಿಗಾಲ ಪೂರ್ತಿ ಕಂಪನಿಯ ಸುದ್ದಿ ಎತ್ತಲಿಲ್ಲ. ಕೊನೆಗೊಂದು ದಿನ ಕಾಫಿ ಕುಡಿಯುತ್ತಾ, "ನಾವು ಬೋಲ್ಟ್ ಬಿಗಿ ಮಾಡಿದ್ದರಲ್ಲಿ ಸುಳ್ಳಿರಲಿಲ್ಲ" ಅಂದರು. ನಾನು ಸುಮ್ಮನೆ ತಲೆ ಅಲ್ಲಾಡಿಸಿದೆ. ನಿಜ ಹೇಳಬೇಕೆಂದರೆ, ಹತ್ತು ವರ್ಷ ಓಡಿಸಿದ ಮೇಲೆ ನನ್ನ ಅಭಿಪ್ರಾಯವೂ ಅಲ್ಲೇ ಬಂದು ನಿಂತಿದೆ. ಬೋಲ್ಟನ್ನು ಕಣ್ಣು ಮುಚ್ಚಿ ನಂಬುತ್ತೇನೆ. ಜಾಹೀರಾತನ್ನು ನಂಬುವುದಿಲ್ಲ. ಸ್ಟಾಂಪು ಅಂಟಿಸಿದವರಿಗೂ, 'ಕ್ಲೀನ್ ಡೀಸೆಲ್' ಅಂತ ಕೊಂಡವರಿಗೂ ಕೈ ಕೊಟ್ಟಿದ್ದು ಮೇಲಿನ ಮಹಡಿಯವರೇ.

ಹಳೇ ಗಾಲ್ಫ್ ಕೊಳ್ಳಬಹುದಾ ಅಂತ ಇಲ್ಲಿಗೆ ಹೊಸದಾಗಿ ಬರುವ ಕನ್ನಡದ ಹುಡುಗರು ಕೇಳುತ್ತಿರುತ್ತಾರೆ. ಏಳನೇ ತಲೆಮಾರಿನ ಪೆಟ್ರೋಲ್ ಆದರೆ ಧೈರ್ಯವಾಗಿ ತಗೊಳ್ಳಿ. ಸರ್ವಿಸ್ ಪುಸ್ತಕ ಪೂರ್ತಿ ತುಂಬಿರಲಿ. ವೋಲ್ಫ್ಸ್‌ಬುರ್ಗ್‌ನ ನಂಬರ್ ಪ್ಲೇಟು ಡಬ್ಲ್ಯೂಒಬಿ ಅಂತ ಶುರುವಾಗುತ್ತದೆ. ಅದು ಇದ್ದರೆ ಮಾರುವವರ ಜೊತೆ ಒಂದು ಕಾಫಿ ಕುಡಿಯಿರಿ, ಕಾರಿನ ಜಾತಕ ಸಿಗುತ್ತೆ. ಊರಲ್ಲಿರುವವರಿಗೆ ಗಾಲ್ಫ್ ಮಾತು ಅಷ್ಟು ಉಪಯೋಗಕ್ಕೆ ಬಾರದು. ಅಲ್ಲಿ 2010ರಿಂದ 2022ರ ತನಕ ಪುಣೆ ಹತ್ತಿರದ ಚಾಕಣದಲ್ಲಿ ತಯಾರಾಗಿ ಮಾರಾಟವಾದ ಪೋಲೋನೇ ಇದರ ತಮ್ಮ. ನನ್ನ ತಮ್ಮನೂ ಅದನ್ನೇ ಓಡಿಸುತ್ತಾನೆ, ಮಾರು ಅಂದರೆ ಜಗಳಕ್ಕೆ ಬರುತ್ತಾನೆ.

ಯಜಮಾನರು 2019ರಲ್ಲಿ ನಿವೃತ್ತರಾದರು. 2024ರ ಡಿಸೆಂಬರ್‌ನಲ್ಲಿ ಕಂಪನಿ ಮತ್ತು ಕಾರ್ಮಿಕ ಸಂಘದ ನಡುವೆ ಒಪ್ಪಂದ ಆಯಿತಲ್ಲ, 2030ರೊಳಗೆ ಜರ್ಮನಿಯಲ್ಲಿ 35,000 ಕೆಲಸ ಕಡಿಮೆ ಮಾಡುವುದು ಅಂತ, ಅವತ್ತು ಫೋನ್ ಮಾಡಿದ್ದರು. ಅವರಿಗೆ ಹೆಚ್ಚು ಚುಚ್ಚಿದ್ದು ಅದೇ ಒಪ್ಪಂದದ ಇನ್ನೊಂದು ಸಾಲು. 2027ರಿಂದ ಗಾಲ್ಫ್ ವೋಲ್ಫ್ಸ್‌ಬುರ್ಗ್‌ನಲ್ಲಿ ತಯಾರಾಗುವುದಿಲ್ಲ, ಮೆಕ್ಸಿಕೋದ ಪುಯೆಬ್ಲಾಗೆ ಹೋಗುತ್ತದೆ. ಹಳೇ ಮಾದರಿಯ ಕೊನೆಯ ಬೀಟಲ್ ಹೊರಬಂದಿದ್ದೂ ಅಲ್ಲೇ, 2003ರ ಜುಲೈ 30ರಂದು. "ಬೀಟಲ್‌ನ ಕಳಿಸಿದ ಊರಿಗೇ ಕಳಿಸುತ್ತಾರಂತೆ" ಅಂದರು. ಆಮೇಲೆ ನನ್ನ ಗಾಡಿ ಹೇಗಿದೆ ಅಂತ ವಿಚಾರಿಸಿಕೊಂಡರು.

2025ರ ಮಾರ್ಚ್‌ನಲ್ಲಿ ಟ್ಯೂಫ್ ಪಾಸಾಗಿ ಗುಲಾಬಿ ಸ್ಟಿಕ್ಕರ್ ಅಂಟಿಸಿಕೊಂಡು ಬಂದಿದೆ. ಮುಂದಿನ ತಪಾಸಣೆ 2027ರ ಮಾರ್ಚ್.