ಶಾಸಕರ ಸಾಧನೆಯ ಪುಸ್ತಕ: ಕರಡು ತಿದ್ದುವವನ ಕಣ್ಣಿಗೆ ಕಂಡದ್ದು

2023ರ ವಿಧಾನಸಭಾ ಚುನಾವಣೆಯ ಹೊತ್ತು, ಏಪ್ರಿಲ್ ಕೊನೆಯ ವಾರ, ಜಗಲಿಯಲ್ಲಿ ಕೊಬ್ಬರಿ ಗಿಟುಕು ಆರಿಸುತ್ತಾ ಕುಳಿತಿದ್ದಾಗ ಪಕ್ಷದ ಶಾಲು ಹೊದ್ದ ಹುಡುಗನೊಬ್ಬ ಬಂದು ಈ ಪುಸ್ತಕವನ್ನು ಕೈಗಿಟ್ಟ. ಶಾಲು ಅವನ ಮೊಣಕಾಲಿಗೆ ಇಳಿದಿತ್ತು. “ತಾತ, ಶಾಸಕರು ಕೊಟ್ಟು ಕಳಿಸಿದ್ದಾರೆ, ಮನೆಯವರೆಲ್ಲ ಓದಬೇಕಂತೆ” ಎಂದ. ನಾನು ಓದಿದೆ. ಎರಡು ಸಲ ಓದಿದೆ. 1981ರಿಂದ ಮೂವತ್ತೆಂಟು ವರ್ಷ ತಾಲ್ಲೂಕು ಕೇಂದ್ರದ ಮುದ್ರಣಾಲಯವೊಂದರಲ್ಲಿ ಮೊದಲು ಅಚ್ಚಿನ ಮೊಳೆ ಜೋಡಿಸಿ, ಆಮೇಲೆ ಕರಡು ತಿದ್ದಿ ಹೊಟ್ಟೆ ಹೊರೆದವನು ನಾನು. ಅಚ್ಚಾದ ಕಾಗದ ಕೈಗೆ ಬಂದರೆ ಸುಮ್ಮನೆ ಮಡಚಿಡುವುದು ಈಗಲೂ ಸಾಧ್ಯವಾಗುವುದಿಲ್ಲ.

ಮೊದಲು ಒಳ್ಳೆಯ ಮಾತು. ಮೂವತ್ತೆರಡು ಪುಟ, ದಪ್ಪನೆಯ ಆರ್ಟ್ ಪೇಪರ್, ಎರಡು ಪಿನ್, ಅಂಚು ಕತ್ತರಿಸಿರುವುದು ನೂಲು ಹಿಡಿದಂತಿದೆ. ನಾಲ್ಕು ಬಣ್ಣಗಳೂ ಒಂದರ ಮೇಲೊಂದು ಸರಿಯಾಗಿ ಕುಳಿತಿವೆ. ಶಾಸಕರ ಮೀಸೆಯ ಒಂದೊಂದು ಕೂದಲನ್ನೂ ಎಣಿಸಬಹುದು. ಮುದ್ರಣಕ್ಕೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡುತ್ತೇನೆ.

ಒಂದು ಅಂಕ ಹಿಡಿದಿಟ್ಟುಕೊಂಡದ್ದು ಕಾಗದದ ಮಿರುಗಿಗೆ. ಹಳ್ಳಿಯಲ್ಲಿ ಓದುವುದು ಜಗಲಿಯಲ್ಲಿ, ಹಗಲು ಬೆಳಕಿನಲ್ಲಿ. ಪುಟ ತೆರೆದರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ. ಸಾಲದ್ದಕ್ಕೆ ಹಳದಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರ. ನನ್ನ ತಾಯಿಗೆ ಎಂಬತ್ತೆರಡು ವರ್ಷ, ಪತ್ರಿಕೆಯನ್ನು ಇಂದಿಗೂ ತಾವೇ ಓದುತ್ತಾರೆ. ಇದನ್ನು ಮೂರು ಕಡೆಗೆ ಹೊರಳಿಸಿ ನೋಡಿ ಹಿಂದಕ್ಕೆ ಕೊಟ್ಟರು. ಎಂಬತ್ತು ದಾಟಿದವರು ನಮೂನೆ 12ಡಿ ತುಂಬಿದರೆ ಮನೆಗೇ ಬಂದು ಮತ ಪಡೆಯುವ ವ್ಯವಸ್ಥೆ ಆ ಚುನಾವಣೆಯಲ್ಲಿ ಇತ್ತು. ನಮ್ಮ ಮನೆಯಲ್ಲಿ ಮೊದಲು ಬೀಳುವ ಮತ ಅವರದೇ, ಪುಸ್ತಕ ಓದಲಾಗದ್ದೂ ಅವರಿಗೇ.

ಇನ್ನು ತಪ್ಪುಗಳು. ಮೊದಲ ಪುಟದಲ್ಲೇ ‘ಆರ್ಶೀವಾದ’. ‘ಅಭಿವೃದ್ದಿ’ ಪುಸ್ತಕದ ಉದ್ದಕ್ಕೂ ಹಾಗೆಯೇ ಇದೆ, ಎಲ್ಲಿಯೂ ಮಹಾಪ್ರಾಣಕ್ಕೆ ಜಾಗ ಸಿಕ್ಕಿಲ್ಲ. ‘ಶುದ್ದ’ ಕುಡಿಯುವ ನೀರಿನ ಗತಿಯೂ ಅದೇ. 1983ರ ಚುನಾವಣೆಯಲ್ಲಿ ನಾವು ಅಂಗೈ ಅಗಲದ ಗುಲಾಬಿ ಕಾಗದದ ಮೇಲೆ ಕರಪತ್ರ ಹೊಡೆಯುತ್ತಿದ್ದೆವು. ಮತದಾರ, ನಿಮ್ಮ, ಅಮೂಲ್ಯ ಎಂದು ಜೋಡಿಸುವಷ್ಟರಲ್ಲಿ ಖಾನೆಯಲ್ಲಿ ‘ಮ’ ಮುಗಿದು, ಅರ್ಧ ಮುದ್ರಿಸಿ, ಬಿಚ್ಚಿ, ಮತ್ತೆ ಜೋಡಿಸಬೇಕಾಗುತ್ತಿತ್ತು. ಅಷ್ಟು ಪಾಡಿನಲ್ಲೂ ‘ಆಶೀರ್ವಾದ’ ಕೆಟ್ಟರೆ ಮಾಲೀಕರು ಆ ದಿನದ ಕಾಫಿ ನಿಲ್ಲಿಸುತ್ತಿದ್ದರು. ಈಗ ಅಕ್ಷರಕ್ಕೆ ಬರವಿಲ್ಲ, ನೋಡುವವರು ಇಲ್ಲ.

ಕೊನೆಯ ಪುಟದ ಕೆಳಗೆ ಇನ್ನೊಂದು ಕೊರತೆ ಕಂಡಿತು. ಮುದ್ರಕರ ಹೆಸರಿಲ್ಲ, ಪ್ರಕಾಶಕರ ಹೆಸರೂ ಇಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 127ಎ ಕಲಮಿನ ಪ್ರಕಾರ ಚುನಾವಣಾ ಕರಪತ್ರದ ಮೇಲೆ ಇಬ್ಬರ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಸಜೆ, ಎರಡು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಪ್ರಕಾಶಕರ ಸಹಿಯ ಘೋಷಣಾಪತ್ರಕ್ಕೆ ಅವರನ್ನು ಬಲ್ಲ ಇಬ್ಬರು ದೃಢೀಕರಣ ಹಾಕುವ ತನಕ ನಮ್ಮ ಮಾಲೀಕರು ಯಂತ್ರಕ್ಕೆ ಕೈ ಹಚ್ಚಲು ಬಿಡುತ್ತಿರಲಿಲ್ಲ. ಅಭ್ಯರ್ಥಿಯ ವೆಚ್ಚಕ್ಕೆ 40 ಲಕ್ಷ ರೂಪಾಯಿಯ ಮಿತಿ ಇರುವಾಗ ಎಲ್ಲಿ, ಎಷ್ಟು ಪ್ರತಿ ಅಚ್ಚಾಯಿತು ಎಂಬುದು ಸಣ್ಣ ವಿಷಯವೇನಲ್ಲ.

ಒಳಗಿನ ಸರಕಿಗೆ ಬರುತ್ತೇನೆ. ಮೊದಲಿಗೆ ಶಾಸಕರ ಮನವಿಪತ್ರವಿದೆ. “ಐದು ವರ್ಷ ನಿಮ್ಮ ಮನೆಯ ಮಗನಾಗಿ ದುಡಿದಿದ್ದೇನೆ, ಈಗ ಕೂಲಿ ಕೇಳಲು ಬಂದಿದ್ದೇನೆ” ಎಂದು ಶುರುವಾಗುತ್ತದೆ. ಹಳ್ಳಿಯವರ ಮುಂದೆ ಈ ಮಾತು ಚೆನ್ನಾಗಿ ನಡೆಯುತ್ತದೆ, ಅದಕ್ಕೇ ಎಲ್ಲ ಪಕ್ಷದವರೂ ಆಡುತ್ತಾರೆ. ನನ್ನ ತಮ್ಮನ ಹೆಂಡತಿಗೆ ಜೋರಾಗಿ ಓದಿ ಹೇಳಿದೆ. ಅವಳು ಹಿಂದಿನ ವರ್ಷ ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳೆತ್ತಿದವಳು, ದಿನಕ್ಕೆ 309 ರೂಪಾಯಿ. “ಭಾವ, ನಮ್ಮ ಕೂಲಿ ಬಂದದ್ದು ಮೂರು ತಿಂಗಳಿಗೆ. ಇವರೂ ಸ್ವಲ್ಪ ಕಾಯಲಿ” ಎಂದಳು. ಆ ಕೆರೆಯೇ ಹನ್ನೊಂದನೇ ಪುಟದಲ್ಲಿ ಶಾಸಕರ ಸಾಧನೆಯಾಗಿ ನಿಂತಿದೆ. ಕೆಲಸ ಮಾಡಿಸಿದ್ದು ಗ್ರಾಮ ಪಂಚಾಯಿತಿ, ಎತ್ತಿದ್ದು ಇವಳು ಮತ್ತು ಇನ್ನೂ ಮೂವತ್ತು ಜನ.

ಇಂಥ ಪುಸ್ತಕವನ್ನು ಓದುವ ಒಂದು ಕ್ರಮವಿದೆ, ಕರಡು ತಿದ್ದಿ ತಿದ್ದಿ ನನಗೆ ಅಭ್ಯಾಸವಾದದ್ದು. ನಾಮಪದಗಳನ್ನು ಬಿಟ್ಟು ಬರೀ ಕ್ರಿಯಾಪದಗಳನ್ನು ಓದಬೇಕು. ನಮ್ಮ ಹೋಬಳಿಯ ಪಟ್ಟಿಯಲ್ಲಿ ನಲವತ್ತಾರು ಕಾಮಗಾರಿಗಳಿವೆ. ಸಿಸಿ ರಸ್ತೆ, ಚರಂಡಿ, ಸಮುದಾಯ ಭವನ, ಹೈಮಾಸ್ಟ್ ದೀಪ, ಬಸ್ ತಂಗುದಾಣ, ಓದುತ್ತಾ ಹೋದರೆ ಇದೇನು ನಮ್ಮದೇ ಹೋಬಳಿಯೇ ಎನ್ನಿಸುತ್ತದೆ. ಕ್ರಿಯಾಪದಗಳನ್ನು ಮಾತ್ರ ನೋಡಿ: ‘ಮಂಜೂರಾತಿ ದೊರೆತಿದೆ’, ‘ಪ್ರಸ್ತಾವನೆ ಸಲ್ಲಿಸಲಾಗಿದೆ’, ‘ಟೆಂಡರ್ ಹಂತದಲ್ಲಿದೆ’, ‘ಸೂಕ್ತ ಕ್ರಮ ವಹಿಸಲಾಗಿದೆ’. ‘ಪೂರ್ಣಗೊಂಡಿದೆ’ ಎಂಬ ಪದ ಬರುವುದು ಹದಿಮೂರು ಸಲ. ಒಟ್ಟು ಮೊತ್ತ ಹಾಕುವಾಗ ಮಾತ್ರ ನಲವತ್ತಾರೂ ಕೂಡಿವೆ.

ಮೊತ್ತದ ವಿಚಾರವೂ ಅಷ್ಟೇ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ಐದು ವರ್ಷಕ್ಕೆ ಹತ್ತು ಕೋಟಿ. ಪುಸ್ತಕದ ಹೊದಿಕೆಯ ಮೇಲಿನ ಅಂಕಿಯಲ್ಲಿ ಹೆದ್ದಾರಿ ಅಗಲೀಕರಣವಿದೆ, ಮನೆ ಮನೆಗೆ ನಲ್ಲಿ ಹಾಕುವ ಜಲ ಜೀವನ್ ಮಿಷನ್ ಇದೆ, ಇಲಾಖೆಗಳು ತಮ್ಮ ಪಾಡಿಗೆ ಮಾಡಿದ್ದೆಲ್ಲ ಇದೆ. ಓಡಾಡಿ ತಂದಿರಬಹುದು, ತಂದರೆ ಶ್ಲಾಘ್ಯವೇ. ಆದರೆ ತಮ್ಮ ಕೈಯಿಂದ ಕೊಟ್ಟದ್ದು ಯಾವುದು, ಬೇರೆಯವರಿಂದ ತಂದದ್ದು ಯಾವುದು ಎಂದು ಎರಡು ಕಲಮು ಮಾಡಿ ಬರೆಯಬಹುದಿತ್ತು. ಮುಯ್ಯಿ ಬರೆಯುವ ಪುಸ್ತಕದಲ್ಲಿ ನಾವು ಅಷ್ಟು ಮಾಡುವುದಿಲ್ಲವೇ?

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಬಗರ್ ಹುಕುಂ ವಿಷಯಕ್ಕೆ, ಅಂದರೆ ಸರ್ಕಾರಿ ಜಮೀನನ್ನು ಅನುಮತಿಯಿಲ್ಲದೆ ಉಳುತ್ತಾ ಬಂದವರಿಗೆ ಅದನ್ನು ಸಕ್ರಮ ಮಾಡಿಕೊಡುವ ವಿಷಯಕ್ಕೆ. ಹೆದ್ದಾರಿ ಶಾಸಕರ ಕೈಯಲ್ಲಿಲ್ಲ, ಬಗರ್ ಹುಕುಂ ಸಮಿತಿಗಾದರೆ ಅವರೇ ಅಧ್ಯಕ್ಷರು. ಸಭೆ ಕರೆಯುವುದು, ಕೂರುವುದು, ಅರ್ಜಿ ತೀರ್ಮಾನಿಸುವುದು ಅವರ ಎದುರೇ ಆಗಬೇಕು. ನನ್ನ ತಮ್ಮ ನಮೂನೆ 57ರಲ್ಲಿ ಅರ್ಜಿ ಹಾಕಿ ರಸೀದಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದಾನೆ, ಅದರ ಶಾಯಿಯೂ ಮಾಸುತ್ತಿದೆ. ಎಷ್ಟು ಸಭೆ ನಡೆಯಿತು, ಎಷ್ಟು ಅರ್ಜಿ ಬಂತು, ಎಷ್ಟು ಮಂದಿಗೆ ಸಾಗುವಳಿ ಚೀಟಿ ಸಿಕ್ಕಿತು ಎಂದು ಅರ್ಧ ಪುಟ ಬರೆದಿದ್ದರೆ ಸಾಕಿತ್ತು. ಇರುವುದು ಒಂದು ಚಿತ್ರ: ಶಾಸಕರು ಚೀಟಿ ಹಿಡಿದಿದ್ದಾರೆ, ಅಜ್ಜಿಯೊಬ್ಬರು ಅದರ ಇನ್ನೊಂದು ತುದಿ ಹಿಡಿದಿದ್ದಾರೆ, ಇಬ್ಬರೂ ಕ್ಯಾಮೆರಾ ನೋಡುತ್ತಿದ್ದಾರೆ. ಹೆದ್ದಾರಿಗೆ ನಾಲ್ಕು ಪುಟ.

ಕೊಬ್ಬರಿಯ ಹೆಸರೇ ಇಲ್ಲ. ಉಂಡೆ ಕೊಬ್ಬರಿಗೆ 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು, ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಕೆಳಗೆ ಬಿದ್ದಿತ್ತು. ದರ ಶಾಸಕರು ನಿಗದಿ ಮಾಡುವುದಲ್ಲ ಎಂಬುದು ನನಗೂ ಗೊತ್ತು. ಆದರೂ ತೆಂಗಿನ ಸೀಮೆಯಲ್ಲಿ ಮತ ಕೇಳುವ ಮೂವತ್ತೆರಡು ಪುಟಗಳಲ್ಲಿ ಒಂದು ಸಾಲಾದರೂ ಬೇಡವೇ?

ಹದಿನಾಲ್ಕನೇ ಪುಟದಲ್ಲಿ ನಮ್ಮೂರಿನ ನೀರಿನ ಘಟಕವಿದೆ. ಪಕ್ಕದ ಮನೆಯ ಹುಡುಗಿ ಕ್ಯಾನ್ ಹಿಡಿದು ನಗುತ್ತಿದ್ದಾಳೆ. ಪುಸ್ತಕ ತೋರಿಸಿದೆ. “ಅದು ಖಾಲಿ ಕ್ಯಾನ್, ದೊಡ್ಡಪ್ಪ. ಉದ್ಘಾಟನೆಯ ದಿನ ಹಿಡಿದುಕೊಂಡು ನಿಲ್ಲು ಎಂದಿದ್ದರು” ಎಂದಳು. ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬರಬೇಕಾದ ಆ ಘಟಕ ಬಾಗಿಲು ಹಾಕಿ ಒಂದು ವರ್ಷವಾಗುತ್ತಾ ಬಂತು. ಚಿತ್ರದ ಕೆಳಗೆ ‘ಪೂರ್ಣಗೊಂಡಿದೆ’ ಎಂದಿದೆ. ಹದಿಮೂರರಲ್ಲಿ ಇದೂ ಒಂದು.

ಮನವಿಪತ್ರದ ಕೊನೆಗೆ “ತಪ್ಪಿದ್ದರೆ ತಿದ್ದಿ” ಎಂದು ಶಾಸಕರು ಕೇಳಿಕೊಂಡಿದ್ದಾರೆ. ಕೆಂಪು ಶಾಯಿಯ ಪೆನ್ನು ಹುಡುಕಿ ಎರಡು ರಾತ್ರಿ ಕುಳಿತು ತಿದ್ದಿದೆ. ಅದೇ ಹುಡುಗ ಮಾದರಿ ಮತಪತ್ರ ಹಂಚಲು ಬಂದಾಗ ಅವನ ಕೈಗೇ ಕೊಟ್ಟೆ. ಅಲ್ಲೇ ನಿಂತು ಹಾಳೆ ತಿರುವಿದ. ಹದಿನಾಲ್ಕನೇ ಪುಟದ ಅಂಚಿನಲ್ಲಿದ್ದ ಪ್ರಶ್ನೆ ಚಿಹ್ನೆ ನೋಡಿ, “ಇಲ್ಲಿ ಯಾವ ಅಕ್ಷರ ತಪ್ಪಾಗಿದೆ ತಾತ?” ಎಂದು ಕೇಳಿದ.

“ಅಕ್ಷರ ಸರಿಯಾಗಿದೆ. ಬರೆದವರನ್ನು ಕೇಳಿ ನೋಡಬೇಕಾದ ಕಡೆ ಆ ಗುರುತು ಹಾಕುವುದು.”

ಚಿತ್ರವನ್ನು ಹತ್ತಿರ ಹಿಡಿದು ನೋಡಿದ. “ಇದು ಅರಳಿಕಟ್ಟೆಯ ಪಕ್ಕದ್ದಲ್ಲವೇ? ಬೀಗ ಹಾಕಿದ್ದಾರಲ್ಲ” ಎಂದವನು, ಪುಸ್ತಕವನ್ನು ಚೀಲದಲ್ಲಿ ಉಳಿದ ಪ್ರತಿಗಳ ಅಡಿಗೆ ತೂರಿಸಿ ಮುಂದಿನ ಮನೆಗೆ ಹೋದ.