ಅಡುಗೆಮನೆ ಚಿಮಣಿ: ವಾರಂಟಿ ಮುಗಿದ ಮೇಲೆ ಬರೆಯುತ್ತಿರುವ ವಿಮರ್ಶೆ

ನಮ್ಮ ಮನೆ ಚಿಮಣಿಯ ವಾರಂಟಿ ಮುಗಿದು ಬಹಳ ಕಾಲವಾಯಿತು. ಬೆಂಗಳೂರಿನ ಫ್ಲ್ಯಾಟು, ಎರಡು ಹೊತ್ತೂ ಅಡುಗೆ ಆಗುವ ಮನೆ. ಬೆಳಿಗ್ಗೆ ದೋಸೆಯೋ ಉಪ್ಪಿಟ್ಟೋ ಇದ್ದೇ ಇರುತ್ತದೆ. ಹಬ್ಬ ಬಂದರೆ ಬಾಣಲೆ ಇಳಿಯುವುದೇ ಇಲ್ಲ. ಆಗಾಗ ಸಾರಿನಪುಡಿಗೆ ಅಂತ ಬ್ಯಾಡಗಿ ಮೆಣಸಿನಕಾಯಿ ಹುರಿಯುತ್ತೇವೆ. ಅಮ್ಮನಿಗೆ ಉಬ್ಬಸ ಇದೆ. ಮೊದಲೆಲ್ಲ ಮೆಣಸಿನಕಾಯಿ ಹುರಿಯುವ ದಿನ ಅವರು ಹೊರಗಿನ ಬಾಲ್ಕನಿಯಲ್ಲಿ ಕೂರುತ್ತಿದ್ದರು. ಈಗ ಹಾಲ್‌ನಲ್ಲೇ ಕೂತಿರುತ್ತಾರೆ. ನಮಗೆ ಈ ಯಂತ್ರ ಬೇಕಾಗಿದ್ದೇ ಇದಕ್ಕೆ, ಆ ಕೆಲಸವನ್ನು ಅದು ಇವತ್ತಿಗೂ ಚೆನ್ನಾಗಿ ಮಾಡುತ್ತಿದೆ.

ಕಂಪನಿ ಹೆಸರು ಬರೆಯುತ್ತಿಲ್ಲ. ಗೋಡೆಗೆ ಹಾಕುವ, ಬ್ಯಾಫಲ್ ಫಿಲ್ಟರ್ (ಜಿಡ್ಡು ಹಿಡಿಯುವ ಸ್ಟೀಲ್ ಪಟ್ಟಿಗಳ ಫಿಲ್ಟರ್) ಇರುವ, ಗಂಟೆಗೆ 1200 ಘನ ಮೀಟರ್ ಗಾಳಿ ಎಳೆಯುತ್ತದೆ ಅಂತ ಪೆಟ್ಟಿಗೆಯ ಮೇಲೆ ಬರೆದಿರುವ ಮಾಮೂಲಿ ಮಾಡೆಲ್. ಅದೇ ಬೆಲೆಗೆ ಸಿಗುವ ಬೇರೆ ಚಿಮಣಿಗಳಿಗೂ ಇದಕ್ಕೂ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಆಗುವುದು ಅದನ್ನು ಕೂರಿಸುವ ರೀತಿಯಲ್ಲಿ. ನನ್ನ ಪಕ್ಕದ ಬ್ಲಾಕಿನಲ್ಲಿ ನನಗಿಂತ ದುಬಾರಿ ಚಿಮಣಿ ಇರುವ ಮನೆಯಿದೆ. ಅಲ್ಲಿ ಒಗ್ಗರಣೆ ಹಾಕಿದರೆ ಘಾಟು ಮಲಗುವ ಕೋಣೆವರೆಗೂ ಬರುತ್ತದೆ. ಕಾರಣ ಪೈಪು.

ಮೊದಲು ಆ 1200ರ ಲೆಕ್ಕ ನೋಡೋಣ. ನಿಮಿಷಕ್ಕೆ 20 ಘನ ಮೀಟರ್ ಆಯಿತು. 10 ಅಡಿ ಉದ್ದ, 8 ಅಡಿ ಅಗಲ, 10 ಅಡಿ ಎತ್ತರದ ಅಡುಗೆಮನೆಯಲ್ಲಿ ಇರುವ ಗಾಳಿಯೇ ಸುಮಾರು 23 ಘನ ಮೀಟರ್. ಅಂದರೆ ನಿಮಿಷದೊಳಗೆ ಹೆಚ್ಚುಕಮ್ಮಿ ಇಡೀ ಅಡುಗೆಮನೆಯ ಗಾಳಿ ಖಾಲಿಯಾಗಬೇಕು. ಮನೆಯಲ್ಲಿ ಹಾಗೆ ಆಗುವುದಿಲ್ಲ. ಪೈಪು ಜೋಡಿಸಿದ ಕೂಡಲೇ ಆ ನಂಬರು ಇಳಿಯುತ್ತದೆ. ಪೈಪು ಉದ್ದವಾದಷ್ಟೂ, ತಿರುವು ಜಾಸ್ತಿಯಾದಷ್ಟೂ ಇನ್ನೂ ಇಳಿಯುತ್ತದೆ. ಹಾಗಾಗಿ 1200 ಬೇಕೋ 1400 ಬೇಕೋ ಅಂತ ಅಂಗಡಿಯಲ್ಲಿ ತಲೆ ಕೆಡಿಸಿಕೊಳ್ಳುವ ಮುಂಚೆ ಮನೆಯಲ್ಲಿ ಒಂದು ಟೇಪು ಹಿಡಿದು, ಒಲೆಯಿಂದ ಹೊರಗೋಡೆಗೆ ಎಷ್ಟು ದೂರ ಅಂತ ಅಳೆದುಕೊಳ್ಳಿ.

ನಮ್ಮ ಫ್ಲ್ಯಾಟಿನಲ್ಲಿ ಬಿಲ್ಡರ್ ಗೋಡೆಯಲ್ಲಿ 4 ಇಂಚಿನ ತೂತು ಬಿಟ್ಟಿದ್ದರು. ಚಿಮಣಿಯ ಬಾಯಿ 6 ಇಂಚು. ಫಿಟ್ಟಿಂಗ್‌ಗೆ ಬಂದ ಹುಡುಗ ದೊಡ್ಡ ಬಾಯಿಗೆ ಸಣ್ಣ ಪೈಪು ಸೇರಿಸುವ ರೆಡ್ಯೂಸರ್ ಹಾಕಿ 4 ಇಂಚಿನ ಪಿವಿಸಿ ಪೈಪು ಎಳೆದುಬಿಡುತ್ತೇನೆ, ಎಲ್ಲರ ಮನೆಯಲ್ಲೂ ಹೀಗೇ ಮಾಡುವುದು ಅಂದ. ನಾನು ಒಪ್ಪಲಿಲ್ಲ. 6 ಇಂಚಿನ ಪೈಪಿನ ಬಾಯಿಗೆ ಹೋಲಿಸಿದರೆ 4 ಇಂಚಿನದ್ದು ಅರ್ಧಕ್ಕಿಂತಲೂ ಕಡಿಮೆ. ಅದರಲ್ಲಿ ಗಾಳಿ ತೂರಲು ಮೋಟಾರು ಒದ್ದಾಡುತ್ತದೆ, ಸದ್ದು ಏರುತ್ತದೆ, ಹೊಗೆ ಮಾತ್ರ ಕೆಳಗೇ ಉಳಿಯುತ್ತದೆ. ಪಿವಿಸಿ ಅಂತೂ ಬೇಡವೇ ಬೇಡ. ಬಿಸಿಗೆ ಮೆತ್ತಗಾಗುತ್ತದೆ. ಒಳಗೆ ಜಿಡ್ಡಿಗೆ ಬೆಂಕಿ ತಗುಲಿದರೆ ಪೈಪೂ ಸುಡುತ್ತದೆ, ಅದರ ಹೊಗೆ ವಿಷ.

ಅಸೋಸಿಯೇಷನ್ ಒಪ್ಪಿಗೆ ಪಡೆದು, ಕೋರ್ ಕಟ್ಟಿಂಗ್, ಅಂದರೆ ಯಂತ್ರದಿಂದ ಗೋಡೆಯನ್ನು ದುಂಡಗೆ ಕೊರೆಯುವ ಕೆಲಸ, ಮಾಡುವವರನ್ನು ಕರೆಸಿ ತೂತು ದೊಡ್ಡದು ಮಾಡಿಸಿದೆವು. ಅದಕ್ಕೆ ಮುಂಚೆ ಅಲ್ಲಿ ಬೀಮ್ ಇದೆಯಾ, ಗೋಡೆಯೊಳಗೆ ವೈರು ಅಥವಾ ನೀರಿನ ಪೈಪು ಹೋಗಿದೆಯಾ ಅಂತ ನೋಡಿಸುವುದು ಕಡ್ಡಾಯ. ಬೀಮ್ ಆಗಲಿ ಕಾಲಮ್ ಆಗಲಿ ಕೊರೆಯಲು ಬಿಡಲೇಬಾರದು. ಒಳಗೆ 6 ಇಂಚಿನ ಗಟ್ಟಿ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಹಾಕಿಸಿದೆವು. ಮಡಚುವ ಅಲ್ಯೂಮಿನಿಯಂ ಪೈಪು ಅಗ್ಗ, ಆದರೆ ಅದರ ಸುಕ್ಕುಗಳಲ್ಲಿ ಜಿಡ್ಡು ಕೂರುತ್ತದೆ. ಅದನ್ನೇ ಹಾಕಿಸುವುದಾದರೆ ಪೂರ್ತಿ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ ಹಾಕಿಸಿ. ಸುರುಳಿ ಸುತ್ತಿ ಅಟ್ಟದೊಳಗೆ ತುರುಕಲು ಬಿಡಬೇಡಿ. ಪೈಪು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ, ಆಗ ಒಳಗೆ ಕಟ್ಟಿದ ನೀರು ವಾಪಸ್ ಒಲೆ ಮೇಲೆ ತೊಟ್ಟಿಕ್ಕುವುದಿಲ್ಲ. ಹೊರಗಿನ ತುದಿಗೆ ಮುಚ್ಚಳ ಆಡುವ ಕವರ್ ಬೇಕು. ಇಲ್ಲದಿದ್ದರೆ ನಮ್ಮ ಊರಿನ ಪಾರಿವಾಳಗಳು ಅಲ್ಲೇ ಸಂಸಾರ ಹೂಡುತ್ತವೆ. ಸಣ್ಣ ಕಣ್ಣಿನ ಜಾಲರಿ ಹಾಕಿದರೆ ಅದೇ ಜಿಡ್ಡಿನಿಂದ ಕಟ್ಟಿಕೊಳ್ಳುತ್ತದೆ.

ಪೈಪನ್ನು ಯುಟಿಲಿಟಿಯಲ್ಲಿ (ಅಡುಗೆಮನೆ ಪಕ್ಕದ ಬಟ್ಟೆ ಒಗೆಯುವ ಜಾಗ) ಬಿಟ್ಟು ಕೈ ತೊಳೆದುಕೊಳ್ಳುವವರೂ ಇದ್ದಾರೆ. ಅದರಿಂದ ಒಗೆದ ಬಟ್ಟೆಗೆಲ್ಲ ಎಣ್ಣೆ ವಾಸನೆ ಬರುತ್ತದೆ. ಪೈಪು ಕಟ್ಟಡದ ಹೊರಗೇ ಹೋಗಬೇಕು. ಅಲ್ಲೂ ಪಕ್ಕದ ಮನೆಯವರ ಕಿಟಕಿಗೆ ಎದುರಾಗಿ ಬಿಡಬಾರದು ಅಲ್ವಾ.

ಎತ್ತರದ ಬಗ್ಗೆ ಫಿಟ್ಟಿಂಗಿನವರ ಜೊತೆ ಮತ್ತೆ ಮಾತಾಯಿತು. ಪಕ್ಕದ ಕಪಾಟಿನ ಸಾಲಿಗೆ ಸರಿಹೊಂದಲಿ ಅಂತ ಕೆಳಗೆ ಇಳಿಸಲು ಹೊರಟಿದ್ದರು. ಗ್ಯಾಸ್ ಒಲೆಯಾದರೆ ಪಾತ್ರೆ ಕೂರುವ ಮಟ್ಟದಿಂದ ಚಿಮಣಿಯ ಕೆಳಗಿನ ಅಂಚಿಗೆ ಕನಿಷ್ಠ 65 ಸೆಂಟಿಮೀಟರ್ ಬೇಕು ಅನ್ನುವುದು ಅಂತರರಾಷ್ಟ್ರೀಯ ಮಾನದಂಡ. ಕೈಪಿಡಿಯಲ್ಲಿ ಕಂಪನಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು. ತೀರಾ ಕೆಳಗಿದ್ದರೆ ಫಿಲ್ಟರಿಗೆ ಬೆಂಕಿಯ ಝಳ ತಗಲುತ್ತದೆ. 75 ಸೆಂಟಿಮೀಟರ್ ದಾಟಿದರೆ ಹೊಗೆ ಪಕ್ಕಕ್ಕೆ ಜಾರುತ್ತದೆ. ನಮ್ಮದು 70ರಲ್ಲಿದೆ. ಹಾಗೆಯೇ ಒಲೆಯನ್ನು ಕಟ್ಟೆಯ ಅಂಚಿಗೆ ಎಳೆದು ಇಟ್ಟುಕೊಳ್ಳಬೇಡಿ. ಇಡೀ ಒಲೆ ಚಿಮಣಿಯ ಅಡಿಗೆ ಬರುವಂತೆ ಗೋಡೆ ಕಡೆಗೆ ಸರಿಸಿ.

ಗಾಜು, ಮೋಟಾರು ಎಲ್ಲ ಸೇರಿ 10–15 ಕೆಜಿ ಭಾರ. ಬಿಸಿ ಎಣ್ಣೆಯ ಮೇಲೆ ನೇತಾಡುವ ಭಾರ ಅದು. ಹಗುರ ಬ್ಲಾಕಿನ ಗೋಡೆಯಾದರೆ ಅದಕ್ಕೆಂದೇ ಬರುವ ಫಾಸ್ಟನರ್ ಹಾಕಿಸಿ. ಪೆಟ್ಟಿಗೆಯಲ್ಲಿ ಬಂದ ಪ್ಲಾಸ್ಟಿಕ್ ಪ್ಲಗ್ಗು ಸಾಲುವುದಿಲ್ಲ. ಸಾಕೆಟ್ಟು ಅರ್ತಿಂಗ್ ಇರುವ ಮೂರು ಪಿನ್ನಿನದ್ದಾಗಿರಬೇಕು, ಉರಿಯ ನೇರ ಮೇಲೆ ಇರಬಾರದು, ಪ್ಲಗ್ಗು ಕೈಗೆ ಸಿಗುವಂತಿರಬೇಕು. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ಕೇಳಿ.

ಇನ್ನು ನಾನು ತುಂಬ ಗಟ್ಟಿಯಾಗಿ ಹೇಳಬೇಕಾದ ಮಾತು. ಚಿಮಣಿ ಎಷ್ಟು ಗಾಳಿ ಹೊರಗೆ ಹಾಕುತ್ತದೋ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಕಿಟಕಿ ಬಾಗಿಲು ಎಲ್ಲ ಮುಚ್ಚಿದ್ದರೆ ಅದು ಸಿಕ್ಕ ಸಂದಿಯಿಂದ ಎಳೆದುಕೊಳ್ಳುತ್ತದೆ. ಇಲ್ಲಿನ ಎಷ್ಟೋ ಫ್ಲ್ಯಾಟುಗಳಲ್ಲಿ ಅಡುಗೆಮನೆಗೆ ಅಂಟಿಕೊಂಡ ಯುಟಿಲಿಟಿಯಲ್ಲೇ ಗ್ಯಾಸ್ ಗೀಸರ್ ಇರುತ್ತದೆ. ಗೀಸರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಉಸಿರಿನಲ್ಲಿ ಹೋದರೆ ತಲೆನೋವು, ಸುಸ್ತು ಬರುತ್ತದೆ. ಹೆಚ್ಚಾದರೆ ಜೀವವೇ ಹೋಗುತ್ತದೆ. ಹೊರಗೆ ಹೋಗಬೇಕಾದ ಆ ಹೊಗೆಯನ್ನು ಚಿಮಣಿ ಮನೆಯೊಳಕ್ಕೆ ಎಳೆಯಬಲ್ಲದು. ಬೆಳಿಗ್ಗೆ ಒಬ್ಬರು ಸ್ನಾನಕ್ಕೆ ಹೋಗಿರುತ್ತಾರೆ, ಇನ್ನೊಬ್ಬರು ತಿಂಡಿ ಮಾಡುತ್ತಿರುತ್ತಾರೆ. ಎರಡೂ ಒಟ್ಟಿಗೆ ನಡೆಯುವುದು ಆಗಲೇ.

ಎಲ್ಲ ಕಿಟಕಿ ಮುಚ್ಚಿ, ಗೀಸರ್ ಆರಿಸಿ, ಚಿಮಣಿಯನ್ನು ಜೋರಾಗಿ ಹಾಕಿ, ಯುಟಿಲಿಟಿ ಬಾಗಿಲ ಸಂದಿಗೆ ಊದುಬತ್ತಿ ಹಿಡಿದು ನೋಡಿ. ನಮ್ಮಲ್ಲಿ ಹೊಗೆ ಗೆರೆ ಎಳೆದಂತೆ ನೇರ ಅಡುಗೆಮನೆಯೊಳಗೆ ನುಗ್ಗಿತು. ಹಾಲ್‌ನ ಕಿಟಕಿ ತೆರೆದ ಮೇಲೆ ಆ ಸೆಳೆತ ಬಹಳ ಕಡಿಮೆಯಾಯಿತು. ಆದರೂ ನಾವು ಗ್ಯಾಸ್ ಗೀಸರ್ ತೆಗೆಸಿ ಕರೆಂಟಿನದ್ದು ಹಾಕಿಸಿದೆವು. ಮನೆಯಲ್ಲಿ ಉಬ್ಬಸದವರು ಇರುವಾಗ ಅದಕ್ಕೆ ಹಿಂದೆಮುಂದೆ ನೋಡಲಿಲ್ಲ. ತೆಗೆಸಲು ಆಗದವರು ಎರಡನ್ನೂ ಒಟ್ಟಿಗೆ ಹಾಕಬೇಡಿ. ಚಿಮಣಿಯ ಪೈಪನ್ನು ಗೀಸರಿನ ಹೊಗೆ ಪೈಪಿಗೆ ಜೋಡಿಸುವುದಂತೂ ಯಾವ ಕಾರಣಕ್ಕೂ ಬೇಡ.

ತೆರೆಯುವ ಕಿಟಕಿ ಒಲೆಯಿಂದ ಸ್ವಲ್ಪ ದೂರದ್ದಾಗಿರಲಿ. ಒಲೆ ಪಕ್ಕದ ಕಿಟಕಿಯ ಗಾಳಿ ಹೊಗೆಯನ್ನು ಚಿಮಣಿಗೆ ಸಿಗದಂತೆ ಚದುರಿಸುತ್ತದೆ, ಉರಿಯನ್ನೂ ಆರಿಸಬಹುದು. ಫ್ಯಾನೂ ಹಾಗೆಯೇ.

ದಿನದ ಬಳಕೆ ಸುಲಭ. ಒಲೆ ಹಚ್ಚುವ ಒಂದೆರಡು ನಿಮಿಷ ಮೊದಲೇ ಹಾಕುತ್ತೇವೆ, ಅಡುಗೆ ಆದ ಮೇಲೆ ಹತ್ತು ನಿಮಿಷ ಕಡಿಮೆ ಸ್ಪೀಡಿನಲ್ಲಿ ಬಿಡುತ್ತೇವೆ. ಒಗ್ಗರಣೆಗೆ, ಕರಿಯುವುದಕ್ಕೆ ಮಾತ್ರ ಜೋರು. ಜೋರಿನಲ್ಲಿ ಸದ್ದು ಇದ್ದೇ ಇದೆ, ಪಕ್ಕದಲ್ಲಿ ನಿಂತವರ ಜೊತೆ ಗಂಟಲು ಏರಿಸಿಯೇ ಮಾತಾಡಬೇಕು. ಪಾತ್ರೆ ಇಡದೆ ಉರಿ ಹಚ್ಚಿ ಬಿಡಬಾರದು ಅಂತ ಕೈಪಿಡಿಯಲ್ಲಿದೆ. ಹಾಗಾಗಿ ಗೊಜ್ಜಿಗೆ ಬದನೆಕಾಯಿ ಸುಡುವಾಗ ಎಣ್ಣೆ ಸವರುವುದಿಲ್ಲ, ಸಣ್ಣ ಉರಿಯಲ್ಲಿ, ಪಕ್ಕದಲ್ಲೇ ನಿಂತು ಸುಡುತ್ತೇವೆ.

ಆಟೋ ಕ್ಲೀನ್ ಬಗ್ಗೆ ಜಾಹೀರಾತಿನವರು ಹೇಳುವಷ್ಟು ನಂಬಬೇಡಿ. ನಮ್ಮದರಲ್ಲಿ ಒಂದು ಹೀಟರ್ ಕಾಯಿಲ್ ಇದೆ. ಅದು ಒಳಗಿನ ಬ್ಲೋವರ್‌ಗೆ (ಗಾಳಿ ಎಳೆಯುವ ಫ್ಯಾನು) ಅಂಟಿದ ಜಿಡ್ಡನ್ನು ಕರಗಿಸಿ ಕೆಳಗಿನ ಬಟ್ಟಲಿಗೆ ಇಳಿಸುತ್ತದೆ. ಅಷ್ಟೇ. ಫಿಲ್ಟರ್, ಪೈಪು, ಬಟ್ಟಲು ನಮ್ಮ ಕೆಲಸವೇ. ತಿಂಗಳಿಗೊಮ್ಮೆ ಪ್ಲಗ್ಗು ತೆಗೆದು, ಸ್ಟೀಲಿನ ಫಿಲ್ಟರನ್ನು ಬಿಸಿನೀರು, ವಾಷಿಂಗ್ ಸೋಡಾ, ಪಾತ್ರೆ ತೊಳೆಯುವ ಸೋಪಿನಲ್ಲಿ ನೆನೆಸಿ ಉಜ್ಜುತ್ತೇವೆ. ಅಲ್ಯೂಮಿನಿಯಂ ಜಾಲರಿಯಾದರೆ ಸೋಡಾ ಬೇಡ, ಕಪ್ಪಾಗುತ್ತದೆ. ಸರ್ವಿಸ್‌ಗೆ ಬಂದವರೊಬ್ಬರು ಪ್ಲಗ್ಗು ತೆಗೆಯದೆಯೇ ಒಳಗೆ ಏನೋ ಘಾಟಿನ ದ್ರವ ಚಿಮುಕಿಸಲು ಹೊರಟಿದ್ದರು. ತಡೆದು ನಿಲ್ಲಿಸಿದೆ. ಬಾಟಲಿಯ ಮೇಲೆ ಹೆಸರೇ ಇರಲಿಲ್ಲ. ಕಾಸ್ಟಿಕ್ ಸೋಡಾದಂಥ ತೀಕ್ಷ್ಣ ಕ್ಷಾರ ಆಗಿದ್ದರೆ ಕೈಯೂ ಸುಡುತ್ತದೆ, ಅಲ್ಯೂಮಿನಿಯಂ ಭಾಗಗಳೂ ಹಾಳು. ಏನು ಹಾಕುತ್ತಿದ್ದೀರಿ ಅಂತ ಕೇಳುವುದಕ್ಕೆ ಸಂಕೋಚ ಬೇಡ.

ತೊಳೆಯುವುದನ್ನು ಮುಂದೂಡಿದರೆ ಕಷ್ಟ ಬೆಂಕಿಯ ರೂಪದಲ್ಲಿ ಬರುತ್ತದೆ. ಬಾಣಲೆಯ ಎಣ್ಣೆ ಹೊತ್ತಿಕೊಂಡಾಗ ಚಿಮಣಿ ಓಡುತ್ತಿದ್ದರೆ ಅದು ಉರಿಯನ್ನು ಜಿಡ್ಡಿನ ಫಿಲ್ಟರಿಗೂ ಪೈಪಿಗೂ ಎಳೆಯುತ್ತದೆ. ಕೈ ಸುಡದೆ ಸಾಧ್ಯವಾದರೆ ಗ್ಯಾಸ್ ಆಫ್ ಮಾಡಿ, ಚಿಮಣಿ ಆಫ್ ಮಾಡಿ, ಬಾಣಲೆಗೆ ದೊಡ್ಡ ಮುಚ್ಚಳ ಮುಚ್ಚಿ. ನೀರು ಹಾಕಲೇಬಾರದು. ಬೆಂಕಿ ಮೇಲೆ ಹೋಗಿದ್ದರೆ ಎಲ್ಲರೂ ಹೊರಗೆ ಬಂದು 112ಕ್ಕೆ ಕರೆ ಮಾಡಿ.

ಗ್ಯಾಸ್ ವಾಸನೆ ಬಂದಾಗ ಇದಕ್ಕೆ ಉಲ್ಟಾ ತಪ್ಪು ನಡೆಯುತ್ತದೆ. ವಾಸನೆ ಹೋಗಲಿ ಅಂತ ಚಿಮಣಿ ಹಾಕುತ್ತಾರೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಹತ್ತಿರ ಹರಡುತ್ತದೆ. ಮೇಲಿರುವ ಚಿಮಣಿಯನ್ನು ನಂಬಿಕೊಂಡರೆ ಆಗದು, ಬೆಂಕಿ ಹತ್ತಲು ಸ್ವಿಚ್ಚಿನ ಒಂದು ಕಿಡಿ ಸಾಕು. ಕೈ ಬೀಸಿದರೆ ಹತ್ತಿಕೊಳ್ಳುವ ಸೆನ್ಸಾರ್ ಮಾಡೆಲ್ ಇದ್ದರೆ ಅದರ ಹತ್ತಿರ ಕೈಯೇ ಒಯ್ಯಬೇಡಿ. ರೆಗ್ಯುಲೇಟರ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ. ನಾವು ಈ ಎರಡೂ ನಂಬರು ಬರೆದು ಫ್ರಿಜ್ಜಿಗೆ ಅಂಟಿಸಿದ್ದೇವೆ. ಅಡುಗೆಗೆ ಬರುವ ಅಕ್ಕನಿಗೂ ತೋರಿಸಿ ಹೇಳಿದ್ದೇವೆ.

ದೀಪ ಒಮ್ಮೆ ಕೆಟ್ಟಿತು, ಬದಲಾಯಿಸಿದೆವು. ಟಚ್ ಬಟನ್ನು ಎಣ್ಣೆ ಕೈಗೆ ಕೆಲವೊಮ್ಮೆ ಕೇಳುವುದಿಲ್ಲ, ಒತ್ತುವ ಬಟನ್ನೇ ಒಳ್ಳೆಯದು ಅನ್ನಿಸುತ್ತದೆ. ಮೋಟಾರಿಗೆ ಇನ್ನೂ ಕೈ ಹಾಕಿಲ್ಲ.

ಪೈಪನ್ನು ಹೊರಗೆ ಬಿಡಲು ದಾರಿಯೇ ಇಲ್ಲದ ಬಾಡಿಗೆ ಮನೆಯವರಿಗೆ ಅಂಗಡಿಯಲ್ಲಿ ಪೈಪಿಲ್ಲದ ಮಾಡೆಲ್ ತೋರಿಸುತ್ತಾರೆ. ಅದರ ಇದ್ದಿಲಿನ ಫಿಲ್ಟರ್ ವಾಸನೆಯನ್ನು ಸ್ವಲ್ಪ ತಗ್ಗಿಸುತ್ತದೆ, ಕೆಲವೇ ತಿಂಗಳಿಗೆ ಬದಲಾಯಿಸಬೇಕು. ಶಾಖ, ಹಬೆ, ಕಾರ್ಬನ್ ಮೊನಾಕ್ಸೈಡ್ ಎಲ್ಲ ಮನೆಯಲ್ಲೇ ಸುತ್ತುತ್ತವೆ. ಅದರ ಬದಲು ಅಡುಗೆಮನೆ ಕಿಟಕಿಗೆ ಒಂದು ಒಳ್ಳೆಯ ಎಕ್ಸಾಸ್ಟ್ ಫ್ಯಾನ್ ಹಾಕಿಸಿಕೊಳ್ಳಿ. ದುಡ್ಡೂ ಉಳಿಯುತ್ತದೆ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು.